ಮೋಟಾರಿನ ಉಸಿರುಗೊಳವೆ: ಅದರ ಕವಾಟದ ದೋಷವೂ ದುರಸ್ತಿಯೂ

ಕಾರು ಪೆಟ್ರೋಲಿನಿಂದ ಓಡುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದು ಪೆಟ್ರೋಲಿಗಿಂತ ಎಷ್ಟೋ ಹೆಚ್ಚು ಗಾಳಿಯನ್ನು ಸೇವಿಸುತ್ತದೆ ಎಂಬುದನ್ನು ನೆನೆಯುವವರು ಕಡಮೆ. ಒಂದು ಕಿಲೋಗ್ರಾಂ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು ೧೫ ಕಿಲೋಗ್ರಾಂ ಗಾಳಿ ಬೇಕು. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಒಂದು ಲೀಟರು ಪೆಟ್ರೋಲು ಉರಿದು ಮುಗಿಯುವಷ್ಟರಲ್ಲಿ ಎಂಜಿನ್ನು ಸುಮಾರು ಹತ್ತು ಸಾವಿರ ಲೀಟರು ಗಾಳಿಯನ್ನು ಒಳಗೆ ತೆಗೆದುಕೊಂಡಿರುತ್ತದೆ. ಇಷ್ಟೊಂದು ಗಾಳಿ ಹಾದುಹೋಗುವ ದಾರಿಯಲ್ಲಿ ಒಂದು ಬಿರುಕು ಬಿದ್ದರೆ ಅಥವಾ ಒಂದು ಕದ ಅಂಟಿಕೊಂಡರೆ ಎಂಜಿನ್ನಿನ ಆರೋಗ್ಯ ಕೆಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕೆಟ್ಟುದು ಯಾವುದೆಂದು ಗೊತ್ತುಮಾಡುವುದು ಮಾತ್ರ ಸುಲಭವಲ್ಲ. ಪೆಟ್ರೋಲು ಸೋರಿದರೆ ವಾಸನೆ ಬರುತ್ತದೆ. ಎಣ್ಣೆ ಸೋರಿದರೆ ನೆಲದ ಮೇಲೆ ಕಲೆ ಬೀಳುತ್ತದೆ. ಗಾಳಿ ಸೋರಿದರೆ ಕಣ್ಣಿಗೂ ಮೂಗಿಗೂ ಸುಳಿವು ಸಿಕ್ಕುವುದಿಲ್ಲ. ಆಗ ಕೇವಲ ಅಂದಾಜಿನ ಮೇಲೆ ಒಂದಾದ ಮೇಲೊಂದು ಭಾಗವನ್ನು ಬದಲಾಯಿಸುತ್ತ ಹೋಗುವುದುಂಟು. ಬೆರಳುದ್ದದ ರಬ್ಬರು ಕೊಳವೆಯ ತಪ್ಪಿಗಾಗಿ ಇಡೀ ಮ್ಯಾನಿಫೋಲ್ಡಿನ ಬೆಲೆಯನ್ನು ತೆರಬೇಕಾಗಿ ಬರುವುದು ಹೀಗೆ. ಶಾಲೆಯಲ್ಲಿ ಕಲಿತ ವಾಯುಭಾರದ ಪಾಠ ಈ ನಷ್ಟವನ್ನು ಹೇಗೆ ತಪ್ಪಿಸಬಲ್ಲುದು, ಜಯನಗರ ಬನಶಂಕರಿಗಳಲ್ಲಿ ಆ ಪಾಠಕ್ಕೆ ಯಾವ ವಿಶೇಷಾರ್ಥವಿದೆ ಎಂಬುದನ್ನು ಇಲ್ಲಿ ನೋಡೋಣ.

ಕವಲೊಡೆದ ಕೊಳವೆ

ಎಳನೀರನ್ನು ಹೀರುಗೊಳವೆಯಿಂದ ಕುಡಿಯುವಾಗ ನಾವು ನೀರನ್ನು ಮೇಲಕ್ಕೆ ಎಳೆಯುತ್ತಿದ್ದೇವೆಂದು ಭಾವಿಸುತ್ತೇವೆ. ವಾಸ್ತವವಾಗಿ ನಾವು ಮಾಡುವುದು ಬಾಯೊಳಗಣ ಒತ್ತಡವನ್ನು ಕಡಮೆ ಮಾಡುವುದಷ್ಟೆ. ಎಳನೀರನ್ನು ಕೊಳವೆಯೊಳಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಕೊಳವೆಯಲ್ಲಿ ಸೀಳಿದ್ದರೆ ಎಷ್ಟು ಹೀರಿದರೂ ಬಾಯಿಗೆ ಬರುವುದು ಬಹುಮಟ್ಟಿಗೆ ಗಾಳಿಯೇ. ಮುಂದೆ ಹೇಳಲಿರುವುದಕ್ಕೆಲ್ಲ ಈ ಎರಡು ಸಂಗತಿಗಳೇ ಆಧಾರ.

ಜರ್ಮನಿಯ ನಿಕೊಲಾಸ್ ಆಟೊ ೧೮೭೬ರಲ್ಲಿ ರೂಪಿಸಿದ ನಾಲ್ಕು ಹೊಡೆತಗಳ ಎಂಜಿನ್ನಿನ ಕ್ರಮವೇ ಇಂದಿನ ಪೆಟ್ರೋಲು ಕಾರುಗಳಲ್ಲಿಯೂ ಇದೆ. ಮೊದಲನೆಯ ಹೊಡೆತದಲ್ಲಿ ಪಿಸ್ಟನ್ನು ಸಿಲಿಂಡರಿನೊಳಗೆ ಕೆಳಕ್ಕೆ ಸರಿಯುತ್ತದೆ. ಅಲ್ಲಿ ಒತ್ತಡ ಕುಗ್ಗುತ್ತದೆ. ಹೊರಗಿನ ವಾಯುಮಂಡಲ ತನ್ನ ಭಾರದಿಂದ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಎಂಜಿನ್ನು ಗಾಳಿಯನ್ನು ಎಳೆಯುತ್ತದೆ ಎನ್ನುವುದು ಮಾತಿನ ಅನುಕೂಲವೇ ಹೊರತು ನಿಜವಾಗಿ ಕೆಲಸ ಮಾಡುವುದು ವಾಯುಮಂಡಲ.

ಹೀಗೆ ನುಗ್ಗುವ ಗಾಳಿ ಮೊದಲು ಏರ್ ಫಿಲ್ಟರಿನಲ್ಲಿ ಧೂಳನ್ನು ಕಳೆದುಕೊಂಡು, ಅನಂತರ ಥ್ರಾಟಲ್ ಎಂಬ ಕದವನ್ನು ದಾಟುತ್ತದೆ. ಚಾಲಕನು ಆಕ್ಸಲರೇಟರನ್ನು ತುಳಿದಾಗ ತೆರೆಯುವುದು ಈ ಕದವೇ. ಅಲ್ಲಿಂದ ಮುಂದಿನ ದಾರಿಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಒಂದು ಕಾಲುವೆ ಹಲವು ಗದ್ದೆಗಳಿಗೆ ಕವಲೊಡೆಯುವಂತೆ ಇದು ಒಂದೇ ದಾರಿಯಿಂದ ಬಂದ ಗಾಳಿಯನ್ನು ನಾಲ್ಕು ಸಿಲಿಂಡರುಗಳಿಗೂ ಸಮನಾಗಿ ಹಂಚುತ್ತದೆ.

ಆಕ್ಸಲರೇಟರನ್ನು ಒತ್ತದೆ ಎಂಜಿನ್ನನ್ನು ಸುಮ್ಮನೆ ಓಡಗೊಟ್ಟಿರುವ ಸ್ಥಿತಿಗೆ ಐಡ್ಲಿಂಗ್ ಎಂದು ಹೆಸರು. ಆಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ, ಪಿಸ್ಟನ್ನುಗಳು ಮಾತ್ರ ಹೀರುತ್ತಲೇ ಇರುತ್ತವೆ. ಆದುದರಿಂದ ಮ್ಯಾನಿಫೋಲ್ಡಿನ ಒಳಗೆ ಒತ್ತಡ ಹೊರಗಿನ ಒತ್ತಡದ ಮೂರನೆಯ ಒಂದು ಪಾಲಿನಷ್ಟಕ್ಕೆ ಇಳಿಯುತ್ತದೆ. ಹೊರಗಿನ ಮತ್ತು ಒಳಗಿನ ಒತ್ತಡಗಳ ಈ ಅಂತರವನ್ನೇ ಮೆಕಾನಿಕರು ವ್ಯಾಕ್ಯೂಮ್ ಎನ್ನುತ್ತಾರೆ. ಇದು ಪೂರ್ಣ ನಿರ್ವಾತವಲ್ಲ, ಭಾಗಶಃ ನಿರ್ವಾತ.

ಕೊಳವೆಯೊಳಗೆ ಕವಾಟವೇಕೆ?

ಸಿಲಿಂಡರಿನ ಬಾಯಲ್ಲಿ ತೆರೆದು ಮುಚ್ಚುವ ವಾಲ್ವುಗಳು ಪ್ರತಿಯೊಂದು ಎಂಜಿನ್ನಿನಲ್ಲಿಯೂ ಉಂಟಷ್ಟೆ. ನಾವು ಹೇಳಲಿರುವ ಕವಾಟ ಅದಲ್ಲ. ಇದು ಮ್ಯಾನಿಫೋಲ್ಡಿನ ಒಳಗೆಯೇ, ಒಂದು ದಂಡದ ಮೇಲೆ ತಿರುಗುವಂತೆ ಕೂರಿಸಿರುವ ಚಿಟ್ಟೆಯಾಕಾರದ ತಗಡು. ಅನೇಕ ಸಣ್ಣ ಕಾರುಗಳಲ್ಲಿ ಇದು ಇರುವುದಿಲ್ಲ. ಇರುವ ಕಾರುಗಳಲ್ಲಿ ಇದರ ಪ್ರಯೋಜನವನ್ನು ಕೊಳಲಿನ ಹೋಲಿಕೆಯಿಂದ ತಿಳಿಯಬಹುದು.

ಕೊಳಲಿನ ರಂಧ್ರಗಳನ್ನು ಮುಚ್ಚಿದರೆ ಗಾಳಿಕಂಬದ ಉದ್ದ ಹೆಚ್ಚುತ್ತದೆ, ತೆರೆದರೆ ಕುಗ್ಗುತ್ತದೆ. ಅದಕ್ಕೆ ತಕ್ಕಂತೆ ಸ್ವರ ಬದಲಾಗುತ್ತದೆ. ಮ್ಯಾನಿಫೋಲ್ಡಿನ ಕವಲುಗಳಲ್ಲಿಯೂ ಗಾಳಿ ತರಂಗರೂಪದಲ್ಲಿ ಕಂಪಿಸುತ್ತದೆ. ಪಿಸ್ಟನ್ನು ಕೆಳಗಿಳಿದಾಗ ಹುಟ್ಟಿದ ಒತ್ತಡದ ತಗ್ಗು ಕೊಳವೆಯಗುಂಟ ಹಿಂದಕ್ಕೆ ಸಾಗಿ, ಅದರ ತೆರೆದ ತುದಿಯಿಂದ ಒತ್ತಡದ ಉಬ್ಬಾಗಿ ಮರಳುತ್ತದೆ. ಸಿಲಿಂಡರಿನ ವಾಲ್ವು ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಈ ಉಬ್ಬು ಬಂದು ತಲುಪಿದರೆ ಇನ್ನಷ್ಟು ಗಾಳಿ ಒಳಕ್ಕೆ ಸೇರುತ್ತದೆ, ಎಂಜಿನ್ನಿನ ಬಲ ಹೆಚ್ಚುತ್ತದೆ.

ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವಾಗ ಒಂದು ಹೊಡೆತಕ್ಕೆ ಸಿಕ್ಕುವ ಕಾಲ ಒಂದು ಸೆಕೆಂಡಿನ ನೂರನೆಯ ಒಂದು ಭಾಗ. ೬,೦೦೦ ಸುತ್ತಿನಲ್ಲಿ ಇನ್ನೂರನೆಯ ಒಂದು ಭಾಗ. ತರಂಗವು ಶಬ್ದದ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು ೩೪೦ ಮೀಟರಿನಂತೆ ಸಾಗುತ್ತದೆ. ಮೊದಲನೆಯ ಅವಧಿಯಲ್ಲಿ ಅದು ೩.೪ ಮೀಟರು ಹೋಗಬಲ್ಲುದು, ಎರಡನೆಯದರಲ್ಲಿ ೧.೭ ಮೀಟರು ಮಾತ್ರ. ಆದುದರಿಂದ ಕಡಮೆ ವೇಗಕ್ಕೆ ಉದ್ದನೆಯ ದಾರಿಯೂ ಹೆಚ್ಚು ವೇಗಕ್ಕೆ ಗಿಡ್ಡ ದಾರಿಯೂ ಹಿತವಾದುವು. ಕವಾಟವು ಸಂದರ್ಭಕ್ಕೆ ತಕ್ಕಂತೆ ಒಂದನ್ನು ಮುಚ್ಚಿ ಮತ್ತೊಂದನ್ನು ತೆರೆಯುತ್ತದೆ. ಇನ್ನು ಕೆಲವು ಎಂಜಿನ್ನುಗಳಲ್ಲಿ, ಮುಖ್ಯವಾಗಿ ಡೀಸೆಲ್ ಎಂಜಿನ್ನುಗಳಲ್ಲಿ, ನಿಧಾನಗತಿಯಲ್ಲಿ ದಾರಿಯ ಒಂದು ಪಾಲನ್ನು ಮುಚ್ಚಿ ಗಾಳಿಯನ್ನು ಸುಳಿಸುಳಿಯಾಗಿ ಒಳಗೆ ಬಿಡುವುದು ಈ ಕವಾಟದ ಕೆಲಸ. ಗಾಳಿ ಸುತ್ತಿದಷ್ಟೂ ಇಂಧನ ಚೆನ್ನಾಗಿ ಬೆರೆಯುತ್ತದೆ.

ಕವಾಟವನ್ನು ತಿರುಗಿಸುವ ಕೈ ಯಾವುದು? ಕೆಲವು ಕಾರುಗಳಲ್ಲಿ ಸಣ್ಣ ವಿದ್ಯುನ್ಮೋಟಾರು. ಅನೇಕ ಕಾರುಗಳಲ್ಲಿ ಮ್ಯಾನಿಫೋಲ್ಡಿನ ನಿರ್ವಾತವೇ. ತಗಡಿನ ಅಥವಾ ಪ್ಲಾಸ್ಟಿಕ್ಕಿನ ಒಂದು ಡಬ್ಬಿ, ಅದರೊಳಗೆ ಡಯಾಫ್ರಮ್ ಎಂಬ ರಬ್ಬರಿನ ಪೊರೆ, ಪೊರೆಗೆ ಕೂಡಿಸಿದ ಒಂದು ಸಲಾಕೆ. ಡಬ್ಬಿಯೊಳಗಿನ ಗಾಳಿಯನ್ನು ಹೀರಿದಾಗ ಹೊರಗಿನ ಒತ್ತಡ ಪೊರೆಯನ್ನು ಅದುಮುತ್ತದೆ. ಸಲಾಕೆ ಸರಿದು ಕವಾಟ ತಿರುಗುತ್ತದೆ. ಯಾವಾಗ ಹೀರಬೇಕೆಂಬುದನ್ನು ಕಾರಿನ ಕಂಪ್ಯೂಟರು ಸಾಲಿನಾಯ್ಡ್ ಎಂಬ ವಿದ್ಯುತ್ಕಾಂತದ ಮೂಲಕ ನಿಯಂತ್ರಿಸುತ್ತದೆ.

ಜಯನಗರದ ಗಾಳಿಯ ಭಾರ

ಎತ್ತರ ಏರಿದಂತೆ ವಾಯುಭಾರ ಕುಗ್ಗುತ್ತದೆಂಬುದನ್ನು ಫ್ರಾನ್ಸಿನ ಪಾಸ್ಕಲನ ಸಲಹೆಯಂತೆ ಅವನ ಭಾವಮೈದುನ ಪೆರಿಯೇ ೧೬೪೮ರ ಸೆಪ್ಟೆಂಬರ್ ೧೯ರಂದು ಪ್ರಯೋಗದಿಂದ ತೋರಿಸಿದನು. ಪ್ಯೂಯಿ ದ ಡೋಮ್ ಎಂಬ ಬೆಟ್ಟದ ಬುಡದಲ್ಲಿ ಅಳೆದ ಪಾದರಸದ ಕಂಬ, ತುದಿಯಲ್ಲಿ ಅಳೆದಾಗ ಮೂರು ಅಂಗುಲಕ್ಕೂ ಸ್ವಲ್ಪ ಹೆಚ್ಚಾಗಿ ಇಳಿದಿತ್ತು. ಆ ಬೆಟ್ಟದ ಎತ್ತರ ೧,೪೬೫ ಮೀಟರು. ನಮ್ಮ ನಂದಿಬೆಟ್ಟಕ್ಕೆ ಹೆಚ್ಚುಕಡಮೆ ಸಮಾನ.

ಬೆಂಗಳೂರು ನಗರ ತಾನೇ ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಮಂಗಳೂರಿನಲ್ಲಿ ವಾಯುಭಾರ ಪಾದರಸದ ಸುಮಾರು ೩೦ ಅಂಗುಲವಾದರೆ ಇಲ್ಲಿ ಸುಮಾರು ೨೭ ಅಂಗುಲ. ಎಂದರೆ ವಾಯುಮಂಡಲದ ಹತ್ತನೆಯ ಒಂದು ಪಾಲು ನಮ್ಮ ಪಾಲಿಗೆ ಇಲ್ಲವೆಂದೇ ಹೇಳಬೇಕು. ವಾಯುಭಾರಮಾಪಕವುಳ್ಳ ಮೊಬೈಲ್ ಫೋನು ಇರುವವರು ಇದನ್ನು ತಾವೇ ನೋಡಬಹುದು: ಕಡಲ ತೀರದಲ್ಲಿ ೧,೦೧೦ ಹೆಕ್ಟೊಪಾಸ್ಕಲಿನ ಆಸುಪಾಸಿನಲ್ಲಿರುವ ಅಂಕ ಜಯನಗರದಲ್ಲಿ ೯೧೦ರ ಸಮೀಪದಲ್ಲಿರುತ್ತದೆ.

ಈಗ ಇದನ್ನು ಎಂಜಿನ್ನಿಗೆ ಅನ್ವಯಿಸೋಣ. ಐಡ್ಲಿಂಗಿನಲ್ಲಿರುವ ಒಂದು ಎಂಜಿನ್ನು ತನ್ನ ಒಳಗಣ ಘರ್ಷಣೆಯನ್ನು ಗೆದ್ದು ತಿರುಗುತ್ತಿರಲು ಇಂತಿಷ್ಟು ಗಾಳಿ ಬೇಕು. ಆ ಪ್ರಮಾಣ ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಹೆಚ್ಚುಕಡಮೆ ಒಂದೇ. ಆದುದರಿಂದ ಮ್ಯಾನಿಫೋಲ್ಡಿನ ಒಳಗಿನ ಒತ್ತಡವೂ ಎರಡು ಕಡೆ ಒಂದೇ; ಅದು ೧೦ ಅಂಗುಲವೆಂದು ಇಟ್ಟುಕೊಳ್ಳೋಣ. ಮಂಗಳೂರಿನಲ್ಲಿ ವ್ಯಾಕ್ಯೂಮ್ ಗೇಜು ತೋರಿಸುವುದು ಮೂವತ್ತರಲ್ಲಿ ಹತ್ತು ಕಳೆದರೆ ಉಳಿಯುವ ೨೦ ಅಂಗುಲವನ್ನು. ಬೆಂಗಳೂರಿನಲ್ಲಿ ಇಪ್ಪತ್ತೇಳರಲ್ಲಿ ಹತ್ತು ಕಳೆದು ೧೭ ಅಂಗುಲವನ್ನು. ಎಂಜಿನ್ನು ಅದೇ, ಆರೋಗ್ಯವೂ ಅದೇ. ಗೇಜಿನ ಮುಳ್ಳು ಮಾತ್ರ ಮೂರು ಅಂಗುಲ ಕೆಳಗೆ.

ಮೋಟಾರು ದುರಸ್ತಿಯ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕೊಡುವ ಅಂಕಗಳು ಸಮುದ್ರಮಟ್ಟಕ್ಕೆ ಅನ್ವಯಿಸತಕ್ಕವು. ೧೮ರಿಂದ ೨೧ ಅಂಗುಲ ಇದ್ದರೆ ಸರಿ, ಅದಕ್ಕಿಂತ ಕಡಮೆಯಾದರೆ ಸೋರಿಕೆ ಇರಬಹುದು ಎಂದು ಓದಿದವನು ಜೆ.ಪಿ. ನಗರದ ಒಂದು ನಿರೋಗಿಯಾದ ಕಾರಿಗೂ ಸೋರಿಕೆಯ ರೋಗವನ್ನು ಆರೋಪಿಸಿಬಿಡುವನು. ಪ್ರತಿ ಸಾವಿರ ಅಡಿ ಎತ್ತರಕ್ಕೆ ಒಂದು ಅಂಗುಲವನ್ನು ಕಳೆಯಬೇಕು ಎಂಬ ಸುಲಭ ನಿಯಮವನ್ನು ನೆನಪಿನಲ್ಲಿಟ್ಟರೆ ಈ ಪ್ರಮಾದ ಆಗದು. ಮೂರು ಸಾವಿರ ಅಡಿಯ ಬೆಂಗಳೂರಿಗೆ ಮೂರು ಅಂಗುಲ ಕಳೆದಾಗ ೧೫ರಿಂದ ೧೮ ಅಂಗುಲವೇ ಇಲ್ಲಿಯ ಆರೋಗ್ಯದ ಗುರುತು. ಇನ್ನೂ ಒಂದು ಸ್ವಾರಸ್ಯವುಂಟು. ಎಷ್ಟೇ ಉತ್ತಮವಾದ ಪಂಪನ್ನು ತಂದರೂ ಬೆಂಗಳೂರಿನಲ್ಲಿ ೨೭ ಅಂಗುಲಕ್ಕಿಂತ ಹೆಚ್ಚಿನ ವ್ಯಾಕ್ಯೂಮ್ ದೊರೆಯಲಾರದು. ಇಲ್ಲದ ಭಾರವನ್ನು ಕಳೆಯುವುದು ಹೇಗೆ?

ಈಗಿನ ಕಾರುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಒಂದು ಸೆನ್ಸರು ಇರುವುದು ಸಾಮಾನ್ಯ. ಅದರ ಅಂಕವನ್ನು ಸ್ಕ್ಯಾನರ್ ಎಂಬ ಉಪಕರಣದಲ್ಲಿ ಕಿಲೋಪಾಸ್ಕಲುಗಳಲ್ಲಿ ಓದಬಹುದು. ಕೀಲಿಯನ್ನು ತಿರುಗಿಸಿ ಎಂಜಿನ್ನನ್ನು ಮಾತ್ರ ಚಾಲೂ ಮಾಡದೆ ಇದ್ದಾಗ ಮ್ಯಾನಿಫೋಲ್ಡಿನಲ್ಲಿ ಇರುವುದು ಊರಿನ ಗಾಳಿಯೇ. ಆದುದರಿಂದ ಅಂಕ ಇಲ್ಲಿ ಸುಮಾರು ೯೧ ಆಗಿರಬೇಕು. ಬನಶಂಕರಿಯಲ್ಲಿ ನಿಂತ ಕಾರು ೧೦೧ ಎಂದು ತೋರಿಸಿದರೆ ಸಂತೋಷಪಡಬೇಕಾಗಿಲ್ಲ. ಆ ಸೆನ್ಸರನ್ನೇ ಮೊದಲು ಸಂಶಯಿಸಬೇಕು.

ಈ ಅಳತೆಯ ವಿದ್ಯೆ ದಕ್ಷಿಣ ಬೆಂಗಳೂರಿಗೆ ಹೊಸದಲ್ಲ. ೧೯೫೧ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಎಂದರೆ ಮೈಕೋ, ಆಡುಗೋಡಿಯ ತನ್ನ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲನ್ನು ಅಳೆದು ಚಿಮುಕಿಸುವ ಪಂಪುಗಳನ್ನೂ ತಯಾರಿಸಿತು. ೨೦೦೮ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಬಿ.ಟಿ.ಎಂ. ಬಡಾವಣೆಯ ಮಗ್ಗುಲಲ್ಲಿ ಮೈಕೋ ಬಡಾವಣೆಯೆಂಬ ಹೆಸರು ಉಳಿದುಕೊಂಡಿದೆ. ಇಂಧನವನ್ನು ಅಳೆಯಬೇಕಾದರೆ ಮೊದಲು ಗಾಳಿಯನ್ನು ಅಳೆಯಬೇಕೆಂಬುದು ಇಂದಿನ ಪೆಟ್ರೋಲು ಕಾರುಗಳ ಮೂಲಸೂತ್ರ.

ರೋಗದ ಲಕ್ಷಣಗಳು

ಮ್ಯಾನಿಫೋಲ್ಡಿನ ಕವಾಟ ಕೆಟ್ಟಾಗ ಮೊದಲು ಕಾಣುವುದು ಬಲದ ಕೊರತೆ. ಗಿಡ್ಡ ದಾರಿ ತೆರೆದಂತೆಯೇ ನಿಂತುಬಿಟ್ಟರೆ ಕಾರು ನಿಧಾನಗತಿಯಲ್ಲಿ ಸೋಲುತ್ತದೆ, ಏರನ್ನು ಹತ್ತಲು ಗೇರು ಇಳಿಸಬೇಕಾಗುತ್ತದೆ. ಮುಚ್ಚಿದಂತೆಯೇ ನಿಂತರೆ ಊರೊಳಗೆ ಚೆನ್ನಾಗಿಯೇ ಓಡಿ, ಕನಕಪುರ ರಸ್ತೆಯ ಬಯಲಿನಲ್ಲಿ ವೇಗವೇರಿಸಹೋದಾಗ ಮುಗ್ಗರಿಸುತ್ತದೆ. ಕೊಳವೆಯೋ ಪೊರೆಯೋ ಹರಿದು ಗಾಳಿ ಒಳಸೇರುತ್ತಿದ್ದರೆ ಐಡ್ಲಿಂಗಿನಲ್ಲಿ ಎಂಜಿನ್ನು ನಡುಗುತ್ತದೆ, ಸಣ್ಣಗೆ ಸುಯ್ಯೆಂಬ ಸದ್ದು ಕೇಳಿಸುವುದೂ ಉಂಟು. ಚಾಲಕನ ಮುಂದೆ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ದೀಪದ ಹಿಂದಿರುವ ಸಂಕೇತವನ್ನು ಸ್ಕ್ಯಾನರಿನಲ್ಲಿ ಓದಬಹುದು. ಪಿ ೨೦೦೪ ಎಂದರೆ ಕವಾಟ ತೆರೆದಂತೆ ಅಂಟಿದೆ. ಪಿ ೨೦೦೬ ಎಂದರೆ ಮುಚ್ಚಿದಂತೆ ಅಂಟಿದೆ. ಪಿ ೦೧೭೧ ಎಂದರೆ ಇಂಧನಕ್ಕೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ. ಆದರೆ ಒಂದು ಮಾತನ್ನು ಮರೆಯಬಾರದು. ಸಂಕೇತ ಹೇಳುವುದು ಲಕ್ಷಣವನ್ನು, ಕಾರಣವನ್ನಲ್ಲ. ಜ್ವರಮಾಪಕದಲ್ಲಿ ೧೦೨ ಡಿಗ್ರಿ ಕಂಡ ಮಾತ್ರಕ್ಕೆ ಮಲೇರಿಯವೆಂದು ವೈದ್ಯರು ಹೇಳುವುದಿಲ್ಲವಷ್ಟೆ. ಕವಾಟ ಅಂಟಿರುವುದು ಮಸಿಯಿಂದಲೋ, ಪೊರೆ ಹರಿದುದರಿಂದಲೋ, ಕೊಳವೆ ಕಳಚಿದುದರಿಂದಲೋ, ತಂತಿ ತುಂಡಾದುದರಿಂದಲೋ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕು.

ಮಸಿ ಕಟ್ಟುವುದಕ್ಕೆ ನಮ್ಮ ರಸ್ತೆಗಳೂ ಕಾರಣ. ಬಿ.ಟಿ.ಎಂ. ಬಡಾವಣೆಯಿಂದ ಸಿಲ್ಕ್ ಬೋರ್ಡ್ ಕೂಡುರಸ್ತೆಯವರೆಗೆ ತೆವಳುವ ವಾಹನಗಳ ಸಾಲಿನಲ್ಲಿ ಎಂಜಿನ್ನು ಗಂಟೆಗಟ್ಟಲೆ ನಿಧಾನವಾಗಿ ಓಡುತ್ತದೆ. ಎಂಜಿನ್ನಿನೊಳಗಿನ ಎಣ್ಣೆಯ ಆವಿ, ಡೀಸೆಲ್ ಕಾರುಗಳಲ್ಲಿ ಮರಳಿ ಒಳಬಿಡುವ ಹೊಗೆಯ ಮಸಿ ಇವೆರಡೂ ಕೂಡಿ ಡಾಂಬರಿನಂಥ ಜಿಗುಟು ಪದಾರ್ಥವಾಗಿ ದಂಡಕ್ಕೂ ತಗಡಿಗೂ ಹತ್ತಿಕೊಳ್ಳುತ್ತವೆ. ವೇಗವಾಗಿ ಓಡದ ಕಾರಿನಲ್ಲಿ ಕವಾಟ ತನ್ನ ಪೂರ್ಣ ಸುತ್ತನ್ನು ತಿರುಗುವ ಸಂದರ್ಭವೇ ಬಾರದೆ, ಬಹುದಿನ ತೆರೆಯದ ಬಾಗಿಲ ತಿರುಗಣಿಯಂತೆ ಬಿಗಿದುಹೋಗುತ್ತದೆ.

ಅಗ್ಗದ ಕಾರಣದಿಂದ ತೊಡಗುವ ಪರೀಕ್ಷೆ

ಪರೀಕ್ಷೆಯನ್ನು ಸುಲಭವಾದುದರಿಂದ ಕಷ್ಟವಾದುದಕ್ಕೆ, ಅಗ್ಗದ ಭಾಗದಿಂದ ದುಬಾರಿಯ ಭಾಗಕ್ಕೆ ನಡೆಸತಕ್ಕದ್ದು. ಮೊದಲು ಎಂಜಿನ್ನು ತಣ್ಣಗಾದ ಮೇಲೆ ರಬ್ಬರು ಕೊಳವೆಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಬೇಕು. ಹಳತಾದ ರಬ್ಬರು ನೆಟ್ಟಗಿರುವಾಗ ಚೆನ್ನಾಗಿ ಕಂಡು, ಬಗ್ಗಿಸಿದಾಗ ಮಾತ್ರ ಬಿರುಕನ್ನು ತೋರಿಸುತ್ತದೆ.

ಎರಡನೆಯದು ಪೊರೆಯ ಪರೀಕ್ಷೆ. ಡಬ್ಬಿಗೆ ಕೈಪಂಪನ್ನು ಜೋಡಿಸಿ ಸುಮಾರು ೧೫ ಅಂಗುಲದಷ್ಟು ವ್ಯಾಕ್ಯೂಮ್ ಕೊಟ್ಟು ಒಂದು ನಿಮಿಷ ಕಾದು ನೋಡಬೇಕು. ಸಲಾಕೆ ಸರಾಗವಾಗಿ ಸರಿದು, ಮುಳ್ಳು ಅಲ್ಲಿಯೇ ನಿಂತರೆ ಪೊರೆ, ಕವಾಟಗಳೆರಡೂ ಸರಿ. ಮುಳ್ಳು ಇಳಿದರೆ ಪೊರೆ ಹರಿದಿದೆ. ಮುಳ್ಳು ನಿಂತು ಸಲಾಕೆ ಸರಿಯದಿದ್ದರೆ ಕವಾಟ ಅಂಟಿದೆ. ಸಲಾಕೆ ಸರಿದೂ ಕವಾಟ ತಿರುಗದಿದ್ದರೆ ನಡುವಣ ಕೊಂಡಿ ಮುರಿದಿದೆ. ಒಂದೇ ನಿಮಿಷದ ಪರೀಕ್ಷೆಯಲ್ಲಿ ಮೂರು ದೋಷಗಳು ಬೇರೆಬೇರೆಯಾದುವು.

ಮೂರನೆಯದು ಸಾಲಿನಾಯ್ಡ್. ಕಂಪ್ಯೂಟರಿನ ಆಜ್ಞೆ ಬಂದಾಗ ಅದು ಟಿಕ್ ಎನ್ನಬೇಕು. ಅದರ ಸುರುಳಿಯ ರೋಧವನ್ನು ಮೀಟರಿನಿಂದ ಅಳೆದು ಕೈಪಿಡಿಯ ಅಂಕದೊಡನೆ ಹೋಲಿಸಬೇಕು.

ಗ್ಯಾರೇಜಿನಲ್ಲಿ ಎಲ್ಲವೂ ಸರಿಯಾಗಿದ್ದು ರಸ್ತೆಯಲ್ಲಿ ಮಾತ್ರ ತೊಂದರೆ ಕಾಣಿಸಿಕೊಳ್ಳುವ ಕಾರುಗಳೂ ಉಂಟು. ಇಲ್ಲಿ ಸ್ವಲ್ಪ ಆಲೋಚಿಸಬೇಕು. ಆಕ್ಸಲರೇಟರನ್ನು ಪೂರ್ತಿ ತುಳಿದಾಗ ಥ್ರಾಟಲ್ ತೆರೆದುಕೊಂಡು ಮ್ಯಾನಿಫೋಲ್ಡಿನ ಒತ್ತಡ ಹೊರಗಿನ ಒತ್ತಡಕ್ಕೆ ಸಮನಾಗುತ್ತದೆ. ವ್ಯಾಕ್ಯೂಮ್ ಬಹುತೇಕ ಸೊನ್ನೆ. ಆಗಲೂ ಪೊರೆ ಕೆಲಸ ಮಾಡಬೇಕೆಂದು ನಿರ್ವಾತವನ್ನು ಕೂಡಿಡುವ ಒಂದು ಸಣ್ಣ ತೊಟ್ಟಿಯನ್ನೂ, ಅದು ಬರಿದಾಗದಂತೆ ಕಾಯುವ ಏಕಮುಖ ವಾಲ್ವನ್ನೂ ಇಟ್ಟಿರುತ್ತಾರೆ. ಈ ವಾಲ್ವು ಕೆಟ್ಟರೆ ಐಡ್ಲಿಂಗಿನಲ್ಲಿ ದೋಷವೇ ಕಾಣದು. ಏರು ಹತ್ತುವಾಗ ಮಾತ್ರ ಕವಾಟ ಕೈಬಿಡುತ್ತದೆ. ಒಂದು ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು: ಈ ವಾಲ್ವಿನ ಪರೀಕ್ಷೆ ಇಷ್ಟು ಸರಳ.

ಸೋರಿಕೆಯ ಶಂಕೆಯಿದ್ದರೆ ಸ್ಕ್ಯಾನರು ಇನ್ನೊಂದು ಸುಳಿವನ್ನು ಕೊಡುತ್ತದೆ. ಒಳಬರುವ ಗಾಳಿಯನ್ನು ಅಳೆದು ಇಂಧನವನ್ನು ಬಿಡುವ ಕಾರಿನಲ್ಲಿ, ಅಳತೆಯನ್ನು ತಪ್ಪಿಸಿ ನುಸುಳಿದ ಗಾಳಿಗೆ ತಕ್ಕಷ್ಟು ಇಂಧನವನ್ನು ಕಂಪ್ಯೂಟರು ಆಮೇಲೆ ಸೇರಿಸಬೇಕಾಗುತ್ತದೆ. ಈ ತಿದ್ದುಪಡಿ ಐಡ್ಲಿಂಗಿನಲ್ಲಿ ಹೆಚ್ಚಾಗಿದ್ದು, ೨,೫೦೦ ಸುತ್ತಿನಲ್ಲಿ ಇಳಿದರೆ ಸೋರಿಕೆ ಇದೆಯೆಂದೇ ತಿಳಿಯಬಹುದು. ಬಿಂದಿಗೆಗೆ ಬಿದ್ದ ಒಂದು ಲೋಟ ನೀರು ಎದ್ದು ಕಾಣುವಂತೆ ಕೆರೆಗೆ ಬಿದ್ದುದು ಕಾಣುವುದಿಲ್ಲವಷ್ಟೆ. ಸೋರುವ ಜಾಗವನ್ನು ಗುರುತಿಸಲು ಅಲ್ಪ ಒತ್ತಡದ ಹೊಗೆಯನ್ನು ಒಳಬಿಟ್ಟು ಅದು ಎಲ್ಲಿ ಹೊರಬರುತ್ತದೆಂದು ನೋಡುವುದು ಉತ್ತಮ ವಿಧಾನ. ಓಡುತ್ತಿರುವ ಎಂಜಿನ್ನಿನ ಮೇಲೆ ಉರಿಯುವ ದ್ರಾವಕಗಳನ್ನು ಸಿಂಪಡಿಸಿ ನೋಡುವ ಪದ್ಧತಿಯೂ ಇದೆ. ಬೆಂಕಿಯ ಭಯವಿರುವುದರಿಂದ ವಿದ್ಯಾರ್ಥಿಗಳು ಅದರ ಗೊಡವೆಗೆ ಹೋಗಬಾರದು.

ದುರಸ್ತಿ

ಕಾರಣ ಗೊತ್ತಾದ ಮೇಲೆ ದುರಸ್ತಿ ಬಹುಪಾಲು ಎಚ್ಚರಿಕೆಯ ಕೆಲಸ. ಕೊಳವೆ ಬಿರಿದಿದ್ದರೆ ಅದೇ ಒಳ ಅಳತೆಯ ವ್ಯಾಕ್ಯೂಮ್ ಕೊಳವೆಯನ್ನೇ ಹಾಕಬೇಕು. ಮೆತ್ತನೆಯ ಸಾಮಾನ್ಯ ಕೊಳವೆ ಹೊರಗಿನ ಒತ್ತಡಕ್ಕೆ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚಿಬಿಡುತ್ತದೆ. ಇಂಥ ಬಿಡಿಭಾಗಗಳಿಗೆ ಜೆ.ಸಿ. ರಸ್ತೆಯ ಅಂಗಡಿಗಳು ಬೆಂಗಳೂರಿನಲ್ಲಿ ಬಹುಕಾಲದಿಂದ ಹೆಸರಾಗಿವೆ.

ಕವಾಟ ಮಸಿಯಿಂದ ಅಂಟಿದ್ದರೆ ಮ್ಯಾನಿಫೋಲ್ಡನ್ನು ಬಿಚ್ಚಬೇಕು. ಬ್ಯಾಟರಿಯ ತಂತಿಯನ್ನು ಮೊದಲು ಕಳಚಿ, ಸಿಲಿಂಡರುಗಳ ಕಡೆಯ ತೂತುಗಳನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿಡಬೇಕು. ಒಂದು ಸಣ್ಣ ಸ್ಕ್ರೂ ಒಳಗೆ ಬಿದ್ದರೂ ಪಿಸ್ಟನ್ನಿಗೆ ಅಪಾಯ. ಮಸಿಯನ್ನು ತಕ್ಕ ದ್ರಾವಕದಿಂದ, ಗಾಳಿಯಾಡುವ ಜಾಗದಲ್ಲಿ, ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕೇ ಹೊರತು ಲೋಹದ ಆಯುಧದಿಂದ ಕೆರೆಯಬಾರದು. ದಂಡ ಅಲುಗಾಡುವಷ್ಟು ಸವೆದಿದ್ದರೆ ಅಥವಾ ತಗಡು ಸಡಿಲಗೊಂಡಿದ್ದರೆ ತೊಳೆಯುವುದರಿಂದ ಪ್ರಯೋಜನವಿಲ್ಲ. ಅಂಥ ತಗಡು ಒಂದು ದಿನ ಕಳಚಿ ಸಿಲಿಂಡರನ್ನು ಸೇರಿದರೆ ಎಂಜಿನ್ನೇ ಹಾಳು. ಇಲ್ಲಿ ಪೂರ್ತಿ ಬದಲಾಯಿಸುವುದೇ ಮಿತವ್ಯಯ.

ಮರಳಿ ಜೋಡಿಸುವಾಗ ಹೊಸ ಗ್ಯಾಸ್ಕೆಟ್ಟನ್ನು ಹಾಕಿ, ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ತಯಾರಕರು ಹೇಳಿದಷ್ಟೇ ಬಿಗಿ ಮಾಡಬೇಕು. ಇಂದಿನ ಮ್ಯಾನಿಫೋಲ್ಡುಗಳಲ್ಲಿ ಅನೇಕವು ಪ್ಲಾಸ್ಟಿಕ್ಕಿನವು. ಹೆಚ್ಚಿನ ಬಲ ಹಾಕಿದರೆ ಹಳೆಯ ಸೋರಿಕೆಯನ್ನು ಮುಚ್ಚಹೋಗಿ ಹೊಸ ಬಿರುಕನ್ನು ತಂದಂತಾದೀತು. ಕೊನೆಯಲ್ಲಿ ಮೊದಲಿನ ಅಳತೆಗಳನ್ನೇ ಮತ್ತೊಮ್ಮೆ ಮಾಡಬೇಕು. ಐಡ್ಲಿಂಗಿನಲ್ಲಿ ಮುಳ್ಳು ಹದಿನೇಳರ ಆಸುಪಾಸಿನಲ್ಲಿ ಅಲುಗದೆ ನಿಂತಿದೆಯೆ? ಕವಾಟ ಎರಡು ತುದಿಗೂ ತಿರುಗುತ್ತಿದೆಯೆ? ಸಂಕೇತಗಳನ್ನು ಅಳಿಸಿ ಕಾರನ್ನು ಓಡಿಸಿದ ಮೇಲೂ ದೀಪ ಆರಿಯೇ ಇದೆಯೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದಾಗಲೇ ಕ್ರಮವಾದ ದುರಸ್ತಿ ಮುಗಿದಂತೆ.

ವಿದ್ಯಾರ್ಥಿಗಳು ಇದನ್ನೆಲ್ಲ ತಾವೇ ಕೈಯಾರೆ ಮಾಡಬೇಕೆಂದಿಲ್ಲ; ನುರಿತ ಮೆಕಾನಿಕರ ಪಕ್ಕದಲ್ಲಿ ನಿಂತು ನೋಡಿದರೂ ಸಾಕು. ಆದರೆ ಮನೆಯ ಕಾರಿಗೆ ಹೊಸ ಮ್ಯಾನಿಫೋಲ್ಡು ಬೇಕೆಂಬ ಮಾತು ಬಂದಾಗ ಎರಡು ಪ್ರಶ್ನೆಗಳನ್ನು ಕೇಳುವ ಧೈರ್ಯ ಅವರಿಗೆ ಇರಬೇಕು: ಯಾವ ಅಳತೆಯಿಂದ ಇದು ತಿಳಿಯಿತು? ಆ ಅಂಕವನ್ನು ಹೋಲಿಸಿದ್ದು ಕಡಲ ತೀರದ ಅಂಕದೊಡನೆಯೋ, ಮೂರು ಸಾವಿರ ಅಡಿ ಎತ್ತರದ ಈ ಊರಿನ ಅಂಕದೊಡನೆಯೋ? ಒಳ್ಳೆಯ ಮೆಕಾನಿಕನಾದವನು ಇಂಥ ಪ್ರಶ್ನೆಗೆ ಮುನಿಯುವುದಿಲ್ಲ. ಗೇಜನ್ನು ತಂದು ಮುಂದೆ ಹಿಡಿಯುತ್ತಾನೆ.